ಟಗರಿನ ಬುರುಡೆ ಶುಚಿಯಾಗಲು ಬೆಂಕಿ ಬೇಡ, ನೀರು ಸಾಕು

ಟಗರಿನ ತಲೆಬುರುಡೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಕಣ್ಣಿನ ಗುಳಿಯ ಸುತ್ತ ಬಳೆಯಂಥ ಅಂಚು. ಹಣೆಯ ಎಲುಬುಗಳು ಸೇರುವ ಕಡೆ ಅಂಕುಡೊಂಕು ಗೆರೆ, ಯಾರೋ ಕೈಹೊಲಿಗೆ ಹಾಕಿದ ಹಾಗೆ. ಮೂಗಿನೊಳಗೆ ಇಣುಕಿದರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಎಲುಬಿನ ಸುರುಳಿ. ಮೇಲ್ದವಡೆಯ ಮುಂದೆ ಹಲ್ಲೇ ಇಲ್ಲ. ಕುರಿ, ಮೇಕೆಗಳಿಗೆ ಅಲ್ಲಿ ಇರುವುದು ಗಟ್ಟಿ ವಸಡು ಮಾತ್ರ.

ಇಂಥ ಬುರುಡೆಯನ್ನು ಶುಚಿ ಮಾಡಿ ಮನೆಯಲ್ಲಿ ಇಟ್ಟುಕೊಳ್ಳಬಹುದು. ನಾನು ಹಾಗೆ ಮಾಡಹೋದ ಮೊದಲ ಬುರುಡೆ ಹಾಳಾಗಿದ್ದು ಅವಸರದಿಂದ. ಒಲೆಯ ಮೇಲಿಟ್ಟು ಕೊತಕೊತ ಕುದಿಸಿದೆ, ಆಮೇಲೆ ಬ್ಲೀಚಿಂಗ್ ಪೌಡರ್ ನೀರಿಗೆ ಹಾಕಿದೆ. ಮರುದಿನ ಬೆಳ್ಳಗೆ ಹೊಳೆಯುತ್ತಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೂಗಿನ ಎಲುಬು ಸುಣ್ಣದ ಹಾಗೆ ಉದುರಿತು. ಕುದಿಸಿದರೆ ಕೊಬ್ಬು ಕರಗಿ ಎಲುಬಿನ ಒಳಕ್ಕೇ ಇಳಿಯುತ್ತದೆ, ತೆಳು ಎಲುಬು ಬಿರುಕು ಬಿಡುತ್ತದೆ. ಎಲುಬನ್ನು ಗಟ್ಟಿಯಾಗಿ ಹಿಡಿದಿಡುವುದು ಕೊಲಾಜೆನ್ ಎಂಬ ಪ್ರೋಟೀನ್. ಬ್ಲೀಚ್ ಅದನ್ನೇ ತಿಂದುಬಿಡುತ್ತದೆ. ಹಾಗಾಗಿ ಇವೆರಡನ್ನೂ ದಯವಿಟ್ಟು ಮಾಡಬೇಡಿ.

ಯಾವ ತಲೆ ತರಬಹುದು?

ಸಾಕುಪ್ರಾಣಿಯದ್ದು ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆಯ ಬುರುಡೆ ಇಟ್ಟುಕೊಳ್ಳುವುದು ಅಪರಾಧ. ಕಾಡಿನಲ್ಲಿ ತಾನಾಗಿ ಉದುರಿದ ಜಿಂಕೆ ಕೊಂಬನ್ನೂ ಮನೆಗೆ ತರುವಂತಿಲ್ಲ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪೆಂಡೆಂಟ್ ವಿಚಾರ ಎಷ್ಟು ದೊಡ್ಡದಾಯಿತು ನೆನಪಿದೆ ಅಲ್ವಾ?

ಹೊಲದಲ್ಲಿ ಇದ್ದಕ್ಕಿದ್ದಂತೆ ಸತ್ತ ಕುರಿಯ ತಲೆಯೂ ಬೇಡ. ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಆಗಿದ್ದರೆ ಮುಟ್ಟಿದವರಿಗೂ ಅಪಾಯ. ಮೂಗು, ಬಾಯಿಂದ ರಕ್ತ ಬಂದು ಸತ್ತ ಪ್ರಾಣಿ ಕಂಡರೆ ಹತ್ತಿರ ಹೋಗದೆ ಪಶುವೈದ್ಯರಿಗೆ ಹೇಳಿ.

ಮಟನ್ ಅಂಗಡಿಯೇ ಒಳ್ಳೆಯದು. ಆದರೆ ಹಿಂದಿನ ದಿನವೇ ಹೇಳಿಡಬೇಕು: "ಅಣ್ಣಾ, ತಲೆ ಸುಡಬೇಡಿ, ಒಡೀಬೇಡಿ, ಹಂಗೇ ಕೊಡಿ." ಇಲ್ಲದಿದ್ದರೆ ತಲೆ-ಕಾಲು ಸಾರಿಗೆ ಕೊಡುವ ಹಾಗೆ ಕೂದಲು ಸುಟ್ಟು, ಮೆದುಳಿಗಾಗಿ ಎರಡು ಹೋಳು ಮಾಡಿಬಿಡುತ್ತಾರೆ. ಕೊಂಬು ಬೇಕಿದ್ದರೆ ಅದನ್ನೂ ಕೇಳಿ. ಬನ್ನೂರು ಕುರಿಗೆ ಕೊಂಬೇ ಇರುವುದಿಲ್ಲ.

ನೀರಿಗೆ ಬಿಡುವುದು

ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಇರಲಿ. ಚರ್ಮ, ಕಣ್ಣು, ನಾಲಿಗೆ, ದಪ್ಪ ಮಾಂಸವನ್ನು ಸಣ್ಣ ಚಾಕುವಿನಿಂದ ತೆಗೆಯಿರಿ. ಎಲುಬಿಗೆ ಚಾಕು ತಾಗಿಸಬೇಡಿ, ಗೀರು ಬಿದ್ದರೆ ಹೋಗುವುದಿಲ್ಲ. ಬುರುಡೆಯ ಹಿಂದೆ ಕತ್ತು ಸೇರುವ ಕಡೆ ದೊಡ್ಡ ತೂತು ಇದೆ. ಮೆದುಳನ್ನು ಅಲ್ಲಿಂದ ಬಗ್ಗಿಸಿದ ತಂತಿಯಿಂದ ಕಲಕಿ, ಪೈಪಿನ ನೀರು ಬಿಟ್ಟು ಹೊರಗೆ ತೆಗೆಯಬೇಕು.

ಆಮೇಲೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪೂರ್ತಿ ಮುಳುಗಿಸಿ ಮುಚ್ಚಳ ಹಾಕಿ. ನೊಣ, ಸೊಳ್ಳೆ ಬರಬಾರದು. ನಾಯಿ ಎಳೆಯದಂತೆ ಮೇಲೊಂದು ಕಲ್ಲಿರಲಿ. ಉಳಿದ ಕೆಲಸ ಬ್ಯಾಕ್ಟೀರಿಯಾಗಳದ್ದು. ಬೆಚ್ಚಗಿದ್ದಷ್ಟೂ ಅವು ಚುರುಕು. ಬೇಸಿಗೆಯಲ್ಲಿ ಎರಡು-ಮೂರು ವಾರ ಸಾಕು, ಚಳಿಯಲ್ಲಿ ತಿಂಗಳು ದಾಟಬಹುದು. ನಾಲ್ಕೈದು ದಿನಕ್ಕೊಮ್ಮೆ ಅರ್ಧ ನೀರು ಮಾತ್ರ ಬದಲಿಸಿ. ಪೂರ್ತಿ ಚೆಲ್ಲಿದರೆ ಬ್ಯಾಕ್ಟೀರಿಯಾಗಳೂ ಹೋಗುತ್ತವೆ. ವಾಸನೆ ಜಾಸ್ತಿಯೇ ಇರುತ್ತದೆ, ಆದ್ದರಿಂದ ಬಕೆಟ್ ಮನೆಯಿಂದ ದೂರ ಇರಲಿ.

ನೀರು ಚೆಲ್ಲುವಾಗ ಜರಡಿ ಹಿಡಿಯುವುದನ್ನು ಮರೆಯಬೇಡಿ. ಹಲ್ಲುಗಳು ಸಡಿಲವಾಗಿ ತಳ ಸೇರಿರುತ್ತವೆ. ದೊಡ್ಡ ಟಗರಿಗೆ ಒಟ್ಟು 32 ಹಲ್ಲು: ಕೆಳಗೆ ಮುಂದೆ 8, ಉಳಿದ 24 ದವಡೆ ಹಲ್ಲು. ಎಣಿಸಿ ಡಬ್ಬಿಗೆ ಹಾಕಿಡಿ. ಕೆಳದವಡೆ ಎರಡು ತುಂಡಾಗಿ ಬಿಡಿಸಿಕೊಂಡರೆ ಮುರಿದುಹೋಯಿತು ಎಂದು ಗಾಬರಿಯಾಗಬೇಡಿ. ಕುರಿಯಲ್ಲಿ ಅದು ಪೂರ್ತಿ ಬೆಸೆದುಕೊಂಡಿರುವುದೇ ಇಲ್ಲ.

ಕೊಂಬಿನದ್ದು ಬೇರೆಯೇ ಲೆಕ್ಕ. ಹೊರಗೆ ಕಾಣುವುದು ಕವಚ, ನಮ್ಮ ಉಗುರಿನಂಥದ್ದೇ ಪದಾರ್ಥ. ಒಳಗೆ ಎಲುಬಿನ ತಿರುಳಿದೆ. ಒಂದೆರಡು ವಾರ ನೆನೆದ ಮೇಲೆ ಕವಚವನ್ನು ಸುರುಳಿಯ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸಿದರೆ ಟೋಪಿಯಂತೆ ಕಳಚಿಬರುತ್ತದೆ. ಬರದಿದ್ದರೆ ಎಳೆಯಬೇಡಿ, ಇನ್ನೊಂದು ವಾರ ಬಿಡಿ. ಒಳಗೆ ಸೋಪು ಹಾಕಿ ತೊಳೆದು ನೆರಳಲ್ಲಿ ಒಣಗಿಸಿ ಎತ್ತಿಡಿ.

ಮಣ್ಣಲ್ಲಿ ಹೂತರೆ ಆಗಲ್ವಾ ಎಂದು ಕೆಲವರು ಕೇಳುತ್ತಾರೆ. ಆಗುತ್ತದೆ, ಆದರೆ ಕೆಮ್ಮಣ್ಣಿನ ಬಣ್ಣ ಎಲುಬಿಗೆ ಹಿಡಿದರೆ ಬಿಡಿಸುವುದು ಕಷ್ಟ.

ಜಿಡ್ಡು ಬಿಡಿಸುವುದು

ತುಂಬಾ ಜನ ಸುಮ್ನೆ ದಾಟಿಬಿಡುವ ಹಂತ ಇದು. ಬುರುಡೆ ಕೊನೆಗೂ ಚೆನ್ನಾಗಿ ಉಳಿಯುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಇಲ್ಲೇ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬುರುಡೆ ನೆನೆಸಿ. ಎರಡು ಮೂರು ದಿನದಲ್ಲಿ ನೀರು ಮಬ್ಬಾಗಿ ಮೇಲೆ ಜಿಡ್ಡು ತೇಲುತ್ತದೆ. ಬದಲಿಸಿ, ಮತ್ತೆ ನೆನೆಸಿ. ನೀರು ತಿಳಿಯಾಗಿ ಉಳಿಯುವವರೆಗೂ ಇದೇ ಕೆಲಸ. ಕುರಿಗೆ ಕೆಲವು ವಾರ ಹಿಡಿಯುತ್ತದೆ, ಹಂದಿಯದ್ದಾದರೆ ತಿಂಗಳುಗಟ್ಟಲೆ. ಆಮೇಲೆ ಒಂದು ವಾರ ಒಣಗಿಸಿ ನೋಡಿ. ಎಲ್ಲಾದರೂ ಎಣ್ಣೆ ಕಾಗದದಂತೆ ಹಳದಿ ಕಲೆ ಕಂಡರೆ ಜಿಡ್ಡು ಇನ್ನೂ ಇದೆ ಎಂದರ್ಥ. ಹಾಗೇ ಬಿಟ್ಟು ಬೆಳ್ಳಗೆ ಮಾಡಿದರೆ ಕೆಲವೇ ತಿಂಗಳಲ್ಲಿ ಆ ಹಳದಿ ಮತ್ತೆ ಹೊರಗೆ ಬರುತ್ತದೆ.

ಬಿಳುಪು

ಮೆಡಿಕಲ್ ಶಾಪಿನಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಸಾಕು. 6% ಬಾಟಲಿ ಸಿಕ್ಕರೆ ಅಷ್ಟೇ ನೀರು ಬೆರೆಸಿ 3% ಮಾಡಿಕೊಳ್ಳಿ. ಪ್ಲಾಸ್ಟಿಕ್ ಪಾತ್ರೆಯೇ ಬೇಕು, ಲೋಹದ್ದು ಬೇಡ. ಗ್ಲೌಸ್ ಹಾಕಿ, ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ. ಬುರುಡೆ ಮುಳುಗಿದ ಕೂಡಲೇ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಅದು ಆಮ್ಲಜನಕ. ಹಾಗಾಗಿ ಮುಚ್ಚಳ ಬಿಗಿಯಬೇಡಿ, ಒತ್ತಡಕ್ಕೆ ಪಾತ್ರೆ ಒಡೆಯಬಹುದು. ಸುಮ್ಮನೆ ಮೇಲೊಂದು ತಟ್ಟೆ ಮುಚ್ಚಿ, ಬಿಸಿಲು ಬೀಳದ ಕಡೆ, ಮಕ್ಕಳ ಕೈಗೆ ಸಿಗದಂತೆ ಇಡಿ. ಬಿಸಿ ಮಾಡಬೇಡಿ. ಕೊಂಬಿನ ಕವಚವನ್ನು ಇದರಲ್ಲಿ ಹಾಕಲೇಬಾರದು, ಬಣ್ಣ ಹೋಗಿ ಹಾಳಾಗುತ್ತದೆ.

ಒಂದರಿಂದ ಮೂರು ದಿನ ಬಿಡಿ, ದಿನಾ ನೋಡುತ್ತಿರಿ. ತೊಳೆಯುವ ಸೋಪಿನಂಥ ಬಿಳಿ ಬರಲಿ ಎಂದು ಹಟ ಹಿಡಿಯಬೇಡಿ. ಎಲುಬಿನ ನಿಜವಾದ ಬಣ್ಣ ಸ್ವಲ್ಪ ಕೆನೆಬಣ್ಣ. ನನಗಂತೂ ಅದೇ ಚೆಂದ.

ಚೆನ್ನಾಗಿ ತೊಳೆದು, ನೆರಳಲ್ಲಿ ಗಾಳಿಯಾಡುವ ಕಡೆ ಒಣಗಿಸಿ. ಬಿಸಿಲಿಗಿಟ್ಟರೆ ಹಲ್ಲು ಸೀಳುತ್ತದೆ. ಪೂರ್ತಿ ಒಣಗಿದ ಮೇಲೆ ಡಬ್ಬಿಯ ಹಲ್ಲುಗಳನ್ನು ಒಂದೊಂದಾಗಿ ಆಯಾ ಗುಳಿಗೆ ಕೂರಿಸಿ ನೋಡಿ. ತನ್ನ ಜಾಗ ಸಿಕ್ಕ ಹಲ್ಲು ಅಲುಗಾಡದೆ ಕೂರುತ್ತದೆ. ಆಗ ಒಂದು ಹನಿ ಫೆವಿಕಾಲ್ ಹಾಕಿ. ದವಡೆಯ ಎರಡು ತುಂಡಿಗೂ ಅದೇ ಸಾಕು. ಕೊಂಬಿನ ಕವಚವನ್ನು ತಿರುಳಿಗೆ ಮತ್ತೆ ತಿರುಗಿಸಿ ಹಾಕಿ. ಕೊಂಬಿಗೆ ಹುಳ ಬೀಳುತ್ತದೆ, ಆಗಾಗ ಬ್ರಷ್‌ನಿಂದ ಧೂಳು ಹೊಡೆದು ನೋಡುತ್ತಿರಿ. ಕೊನೆಗೆ ದವಡೆಯ ಒಳಮೈಯಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದಿಡಿ: ಟಗರು, ಗಂಡು, ತಂದ ಊರು, ತಾರೀಕು.