ಒಂದು ಸ್ಟ್ರಿಪ್ಪಿನ ಲೆಕ್ಕ: ನೋಟಿಸಿಗೆ ನಾನು ಉತ್ತರ ಕೊಟ್ಟ ಬಗೆ

ನನ್ನ ಔಷಧ ಅಂಗಡಿಯಿಂದ ಒಂದು ಸ್ಟ್ರಿಪ್ ಮಾತ್ರೆ ವೈದ್ಯರ ಚೀಟಿಯಿಲ್ಲದೆ ಹೋದದ್ದಕ್ಕೆ ನೋಟಿಸು ಬಂದಿತ್ತು. ಕೊನೆಗೆ ಎಚ್ಚರಿಕೆ ಪತ್ರವೊಂದು ಬಂತು, ಫಾರ್ಮಾಸಿಸ್ಟರ ರಿಜಿಸ್ಟರಿನಲ್ಲಿ ಹೆಸರು ಉಳಿಯಿತು. "ಲೆಕ್ಕ ಬಿಚ್ಚಿ ಕೂತ್ರೆ ನೀನೇ ಸಿಕ್ಕಿಬೀಳ್ತೆ ಮಾರಾಯ, ತಪ್ಪಾಯ್ತು ಅಂತ ಬರೆದು ಕೈಮುಗಿದು ಬಾ" ಎಂದು ನಮ್ಮ ವ್ಯಾಪಾರದ ಹಿರಿಯರೆಲ್ಲ ಹೇಳಿದ್ದರು. ಈಗ ಅವರೇ ನೋಟಿಸು ಬಂದವರನ್ನು ನನ್ನ ಅಂಗಡಿಗೆ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

2018ರ ಮಾರಿಕಾಂಬಾ ಜಾತ್ರೆ. ಶಿರಸಿ ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಊಟಕ್ಕೆ ಹೋದವನು ಜನರ ನಡುವೆ ಸಿಕ್ಕಿ, ವಾಪಸು ಬರುವಾಗ ಒಂದೂವರೆ ತಾಸು ಕಳೆದಿತ್ತು. ಅಷ್ಟರಲ್ಲಿ ಅಂಗಡಿ ಹುಡುಗ ಚೀಟಿ ನೋಡದೆ ಅಲ್‌ಪ್ರಜೋಲಮ್ (ಆತಂಕ ತಗ್ಗಿಸುವ, ನಿದ್ದೆ ಬರಿಸುವ ಮಾತ್ರೆ) ಒಂದು ಸ್ಟ್ರಿಪ್ ಕೊಟ್ಟುಬಿಟ್ಟಿದ್ದ. ಒಯ್ದವನ ಮನೆಯವರು ದೂರು ಕೊಟ್ಟರು. ಲೈಸೆನ್ಸು ಏಳು ದಿನ ಅಮಾನತಾಯಿತು, ಅದನ್ನು ತೆಪ್ಪಗೆ ಅನುಭವಿಸಿದೆ. ಮಳೆ ಹಿಡಿದ ಮೇಲೆ ಬೆಂಗಳೂರಿನಿಂದ ರಾಜ್ಯ ಫಾರ್ಮಸಿ ಕೌನ್ಸಿಲಿನ ನೋಟಿಸು ಬಂತು: ರಿಜಿಸ್ಟರಿನಿಂದ ಹೆಸರನ್ನೇ ಯಾಕೆ ತೆಗೆಯಬಾರದು?

ಮೊದಲ ಉತ್ತರ ವಕೀಲರದ್ದು. ಏಳು ಪುಟ, ಹದಿನೈದು ಸಾವಿರದ ಹತ್ತಿರ ಖರ್ಚು. "ಮಾರಾಟವೇ ಆಗಿಲ್ಲ" ಎಂಬುದು ಅದರ ತಿರುಳು. ನಾನೂ ಸಹಿ ಹಾಕಿದೆ, ಅದು ನನ್ನ ದೊಡ್ಡ ತಪ್ಪು. ಹಾಗಾದರೆ ದಾಖಲೆ ತನ್ನಿ ಎಂದು ತಿರುಗಿ ಕಾಗದ ಬಂತು.

ಆಮೇಲೆ 1948ರ ಫಾರ್ಮಸಿ ಕಾಯ್ದೆಯ 36ನೇ ಕಲಮನ್ನು ನಾನೇ ಕೂತು ಓದಿದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಓದಿಯೇ ಇಲ್ಲ. ಕೆಲಸದವನು ಮಾಡಿದ ತಪ್ಪಿಗೆ ನಮ್ಮ ಹೆಸರು ತೆಗೆಯಬೇಕಾದರೆ ನಮ್ಮ ಕುಮ್ಮಕ್ಕು ಇರಬೇಕು, ಇಲ್ಲವೇ ಹಿಂದಿನ ಹನ್ನೆರಡು ತಿಂಗಳಲ್ಲಿ ಅಂಥದೇ ತಪ್ಪು ನಡೆದಿರಬೇಕು, ಇಲ್ಲವೇ ಔಷಧ ಕಾಯ್ದೆ ಪಾಲಿಸುವಂತೆ ನಾವು ಅಂಗಡಿಯಲ್ಲಿ ಸರಿಯಾಗಿ ನಿಗಾ ಇಡದೇ ಇದ್ದಿರಬೇಕು. ಹೆಚ್ಚುಕಡಿಮೆ ಇಷ್ಟೇ. ಹಾಗಿದ್ದ ಮೇಲೆ ಆ ಒಂದು ಸ್ಟ್ರಿಪ್ ಒಪ್ಪಿಕೊಂಡು, ಅದರ ಹಿಂದಿನ ಹನ್ನೆರಡು ತಿಂಗಳು ಶುದ್ಧವಾಗಿತ್ತೆಂದು ತೋರಿಸಿದರೆ ಸಾಕಲ್ಲ!

ತೋರಿಸುವುದು ಹೇಗೆ? ಥರ್ಮಲ್ ಬಿಲ್ಲುಗಳೆಲ್ಲ ನಮ್ಮ ಮಲೆನಾಡಿನ ಥಂಡಿಗೆ ಮಾಸಿ ಬಿಳಿ ಹಾಳೆಯಾಗಿದ್ದವು, ಒಂದಕ್ಕೊಂದು ಅಂಟಿಕೊಂಡಿದ್ದವು. ಒಣಗಲಿ ಎಂದು ಒಂದು ಕಟ್ಟನ್ನು ಮನೆಯ ಅಡಿಕೆ ಡ್ರೈಯರಿನಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಅಂಚಿನಿಂದ ಅಂಚಿಗೆ ಕಪ್ಪು. ಥರ್ಮಲ್ ಕಾಗದಕ್ಕೆ ಬಿಸಿ ತಾಗಿದರೆ ಹಾಗೆಯೇ. ಇನ್ನೂರು ಬಿಲ್ಲು ಹೋಯಿತು, ಹೊಟ್ಟೆ ಉರಿದುಹೋಯಿತು. ಕಂಪ್ಯೂಟರಿನಲ್ಲಿ ಬ್ಯಾಕಪ್ ಇದ್ದದ್ದು ನಾಲ್ಕು ತಿಂಗಳದ್ದು ಮಾತ್ರ.

ಕಾಪಾಡಿದ್ದು ಎಚ್1 ರಿಜಿಸ್ಟರು, ಅಂದರೆ ಅಲ್‌ಪ್ರಜೋಲಮ್‌ನಂಥ ಎಚ್1 ಪಟ್ಟಿಯ ಔಷಧಗಳ ಮಾರಾಟ ಬರೆದಿಡುವ ಪುಸ್ತಕ. 2014ರ ಮಾರ್ಚಿನಲ್ಲಿ ನಿಯಮ ಬಂದಾಗಿನಿಂದ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟೆ ಎಂಬುದನ್ನೆಲ್ಲ ಬಾಲ್‌ಪೆನ್ನಿನಲ್ಲಿ ಬರೆಯುತ್ತ ಬಂದಿದ್ದೆ. ಜೆಲ್ ಪೆನ್ನಾಗಿದ್ದರೆ ಮಳೆಗಾಲದಲ್ಲಿ ಹರಡಿ ಹಾಳಾಗುತ್ತಿತ್ತು. ಬೇಕೆಂದೇ ಎರಡರಲ್ಲೂ ಬರೆದು ಒಂದು ಮಳೆಗಾಲ ಅಟ್ಟದ ಮೇಲಿಟ್ಟು ನೋಡಿದ್ದೇನೆ. ಹುಬ್ಬಳ್ಳಿ ಡಿಸ್ಟ್ರಿಬ್ಯೂಟರರಿಂದ ಖರೀದಿ ಬಿಲ್ಲುಗಳ ನಕಲು ತರಿಸಿ, ಬ್ಯಾಚ್ ನಂಬರ್ ಹಿಡಿದು ಒಂದೊಂದೇ ಸ್ಟ್ರಿಪ್ ತಾಳೆ ಹಾಕಿದೆ. ಹನ್ನೊಂದು ರಾತ್ರಿ ಹಿಡಿಯಿತು. ಖರೀದಿ ಸುಮಾರು ಅರವತ್ತು ಸ್ಟ್ರಿಪ್. ಲೆಕ್ಕದಲ್ಲಿ ಮೂರು ಕಡಿಮೆ!

ಆ ರಾತ್ರಿ ನಿದ್ದೆ ಬರಲಿಲ್ಲ. ಹಿರಿಯರು ಹೇಳಿದ್ದೇ ಸರಿಯೇನೋ ಅನ್ನಿಸಿತು. ಎರಡು ದಿನ ಹುಡುಕಿದ ಮೇಲೆ ಒಂದು ಕ್ರೆಡಿಟ್ ನೋಟ್ ಸಿಕ್ಕಿತು: ಅವಧಿ ಮುಗಿದ ಎರಡು ಸ್ಟ್ರಿಪ್ ವಾಪಸು ಕಳಿಸಿದ್ದು. ಉಳಿದದ್ದು ಒಂದೇ, ಜಾತ್ರೆಯ ದಿನದ್ದು.

ಹೊಸ ಉತ್ತರ ಒಂದೂವರೆ ಪುಟ. "ಆ ದಿನ ನಾನು ಕೌಂಟರಿನಲ್ಲಿರಲಿಲ್ಲ, ಒಂದು ಸ್ಟ್ರಿಪ್ ಚೀಟಿಯಿಲ್ಲದೆ ಹೋಗಿದೆ, ಮೊದಲ ಉತ್ತರ ತಪ್ಪಾಗಿತ್ತು" ಎಂದೇ ಶುರು ಮಾಡಿದೆ. ಜೊತೆಗೆ ತಾಳೆಪಟ್ಟಿ. ಕಾಗದಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆ, ಹುಡುಗನ ಹೇಳಿಕೆ ಎಲ್ಲಿಟ್ಟೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಅಂಗಡಿಗೆ ಬನ್ನಿ, ಎದುರಿಗೆ ಕೂರಿಸಿ ಹೇಳುತ್ತೇನೆ.

ವಿಚಾರಣೆಯಲ್ಲಿ ನನ್ನನ್ನು ಕೇಳಿದ್ದು ಇಪ್ಪತ್ತು ನಿಮಿಷ. ಅದರಲ್ಲಿ ಹದಿನೈದು ನಿಮಿಷ ಆ ಕ್ರೆಡಿಟ್ ನೋಟ್ ಬಗ್ಗೆಯೇ. ಕೊನೆಗೆ ಒಬ್ಬರು ರಿಜಿಸ್ಟರಿನ ಪುಟ ತಿರುಗಿಸುತ್ತ "ದಿನಾ ನೀವೇ ಬರೀತೀರಾ?" ಎಂದರು. ಹೌದೆಂದೆ. ಅಕ್ಷರ ಒಂದೇ ಇತ್ತಲ್ಲ.

ಖರ್ಚು: ವಕೀಲರದ್ದು ಸೇರಿ, ಎರಡು ಸಲ ಬೆಂಗಳೂರು ಬಸ್ಸು, ಝೆರಾಕ್ಸು, ಎಲ್ಲ ಇಪ್ಪತ್ತೆರಡು ಸಾವಿರ ಆಗಿರಬೇಕು. ಏಳು ದಿನ ಬಾಗಿಲು ಹಾಕಿದ್ದಕ್ಕೆ ಹೋದ ವ್ಯಾಪಾರ ಬೇರೆ, ಅದು ಐವತ್ತು ಸಾವಿರಕ್ಕೆ ಕಡಿಮೆಯಿಲ್ಲ.

ಹುಡುಗನನ್ನು ಕೆಲಸದಿಂದ ಬಿಡಿಸಲಿಲ್ಲ. ಎಚ್1 ಕಪಾಟಿಗೆ ಮಾತ್ರ ಬೀಗ ಹಾಕಿಸಿದೆ. ಊಟಕ್ಕೆ ಹೋಗುವಾಗ ಬೀಗದ ಕೈ ನನ್ನ ಜೇಬಿನಲ್ಲಿರುತ್ತದೆ. ಯಾರಾದರೂ ಚೀಟಿ ಹಿಡಿದು ಬಂದರೆ, "ಅಣ್ಣ ಬರ್ಲಿ, ಹತ್ತು ನಿಮಿಷ ಕೂತ್ಕಳಿ" ಎಂದು ಅವನೇ ಸ್ಟೂಲ್ ಕೊಡುತ್ತಾನೆ.