ಗೇಜ್ ಕೌಂಟಿಯಲ್ಲಿ ಗ್ರಾಮೀಣ ಗೃಹಸಾಲ ಪಡೆಯುವ ಮತ್ತು ಆ ನೆಲದ ಚರಿತ್ರೆ ಓದುವ ಕ್ರಮ

1862ರ ಮೇ 15ರಂದು ಅಧ್ಯಕ್ಷ ಲಿಂಕನ್ ಅಮೆರಿಕದ ಕೃಷಿ ಇಲಾಖೆಯನ್ನು ಸ್ಥಾಪಿಸುವ ಕಾಯ್ದೆಗೆ ಸಹಿ ಹಾಕಿದರು; ಐದೇ ದಿನಗಳ ನಂತರ, ನೆಲೆಸಿ ಸಾಗುವಳಿ ಮಾಡುವವರಿಗೆ ಸರ್ಕಾರಿ ನೆಲ ಕೊಡುವ ಹೋಮ್‌ಸ್ಟೆಡ್ ಕಾಯ್ದೆಗೂ ಸಹಿ ಹಾಕಿದರು. ನೆಬ್ರಾಸ್ಕಾದ ಗೇಜ್ ಕೌಂಟಿಯಲ್ಲಿ ಮನೆ ಕೊಳ್ಳುವವರಿಗೆ ಈ ಎರಡೂ ಇಂದಿಗೂ ಸಂಬಂಧಪಟ್ಟವು. ಆ ಇಲಾಖೆಯೇ ಈಗ ಡೌನ್ ಪೇಮೆಂಟ್ ಇಲ್ಲದ ಗೃಹಸಾಲಕ್ಕೆ ಖಾತರಿ ನಿಲ್ಲುತ್ತದೆ. ಹೋಮ್‌ಸ್ಟೆಡ್ ಕಾಯ್ದೆಯಡಿ ಬಂದ ಮೊದಲ ಅರ್ಜಿಗಳಲ್ಲಿ ಒಂದು ಈ ಕೌಂಟಿಯ ನೆಲಕ್ಕೇ ಸಂಬಂಧಿಸಿದ್ದು. ಸಾಲದ ಕಾಗದಪತ್ರಕ್ಕೂ ಚರಿತ್ರೆಯ ಹುಡುಕಾಟಕ್ಕೂ ಬೇಕಾದದ್ದು ಕ್ರಯಪತ್ರದ ಷೆಡ್ಯೂಲಿನಲ್ಲಿ ಬರುವ ಜಮೀನಿನ ವಿವರ. ಆದ್ದರಿಂದ ಎರಡನ್ನೂ ಒಟ್ಟಿಗೆ ಮಾಡುವುದೇ ಲೇಸು.

ಮೊದಲು ವಿಳಾಸವನ್ನು ಕೃಷಿ ಇಲಾಖೆಯ ಅರ್ಹತಾ ನಕ್ಷೆಯಲ್ಲಿ ಹಾಕಿ ನೋಡಬೇಕು. ಹತ್ತು ಸಾವಿರದೊಳಗಿನ ಜನಸಂಖ್ಯೆಯ ಊರುಗಳು ಸಾಮಾನ್ಯವಾಗಿ ಗ್ರಾಮೀಣವೆನಿಸುತ್ತವೆ. ಹತ್ತರಿಂದ ಇಪ್ಪತ್ತು ಸಾವಿರದ ಊರಾದರೆ ಅದು ಮಹಾನಗರ ಪ್ರದೇಶದ ಹೊರಗಿರಬೇಕು ಮತ್ತು ಅಲ್ಲಿ ಗೃಹಸಾಲದ ಅಭಾವವಿರಬೇಕು. ಕೌಂಟಿಯ ಕೇಂದ್ರ ಬಿಯಾಟ್ರಿಸ್‌ನ ಜನಸಂಖ್ಯೆ 2020ರಲ್ಲಿ ಹನ್ನೆರಡು ಸಾವಿರ ದಾಟಿದ್ದರಿಂದ, ಅಲ್ಲಿನ ಮನೆಯ ಬಗ್ಗೆ ಊಹೆಯ ಮೇಲೆ ನಡೆಯದೆ ನಕ್ಷೆಯನ್ನೇ ನಂಬಬೇಕು. (ಸ್ಥಳೀಯರು ಈ ಹೆಸರಿನಲ್ಲಿ ಒತ್ತು ಕೊಡುವುದು 'ಯಾ' ಅಕ್ಷರಕ್ಕೆ, ಕಚೇರಿಗೆ ಫೋನ್ ಮಾಡುವಾಗ ಅಷ್ಟು ಗೊತ್ತಿದ್ದರೆ ಒಳ್ಳೆಯದು.)

ಸಾಲಗಳಲ್ಲಿ ಮುಖ್ಯವಾದವು ಎರಡು. ಕಡಿಮೆ ಆದಾಯದವರಿಗೆ ಇಲಾಖೆಯೇ ನೇರವಾಗಿ ಸಾಲ ಕೊಡುತ್ತದೆ. ಅದರ ಅವಧಿ 33 ವರ್ಷ, ಕೆಲವರಿಗೆ 38 ವರ್ಷ. ಕಂತಿಗೆ ಸಹಾಯಧನ ದೊರೆತರೆ ಬಡ್ಡಿಯ ಹೊರೆ ಶೇಕಡಾ 1ರವರೆಗೂ ಇಳಿಯಬಹುದು, ಆದರೆ ಮನೆ ಮಾರುವಾಗ ಆ ಸಹಾಯಧನದ ಒಂದು ಪಾಲನ್ನು ಹಿಂತಿರುಗಿಸಬೇಕಾಗಬಹುದು. ಎರಡನೆಯದು ಖಾತರಿ ಸಾಲ: ಹಣ ಕೊಡುವುದು ಬ್ಯಾಂಕು, ಖಾತರಿ ಸರ್ಕಾರದ್ದು, ಅವಧಿ 30 ವರ್ಷ, ಬಡ್ಡಿದರ ಸ್ಥಿರ. ಇದಕ್ಕೆ ಕುಟುಂಬದ ಆದಾಯ ಪ್ರದೇಶದ ಮಧ್ಯಮ ಆದಾಯದ ಶೇಕಡಾ 115ನ್ನು ಮೀರಬಾರದು. ಹಲವರು ಎಡವುವುದು ಇಲ್ಲಿಯೇ. ಸಾಲಪತ್ರಕ್ಕೆ ಸಹಿ ಹಾಕದಿದ್ದರೂ, ಆ ಮನೆಯಲ್ಲಿ ವಾಸಿಸುವ ಪ್ರತಿಯೊಬ್ಬ ವಯಸ್ಕರ ಆದಾಯವೂ ಲೆಕ್ಕಕ್ಕೆ ಸೇರುತ್ತದೆ. ಮಕ್ಕಳಿಗೂ ಶಿಶುಪಾಲನೆಯ ವೆಚ್ಚಕ್ಕೂ ಕಡಿತವಿದೆ, ಅದನ್ನು ಕೇಳಿ ಪಡೆಯಬೇಕು.

ಖಾತರಿ ಸಾಲಕ್ಕೆ ಆರಂಭದಲ್ಲಿ ಸಾಲದ ಶೇಕಡಾ 1ರಷ್ಟು ಶುಲ್ಕವಿದ್ದು, ಅದನ್ನು ಸಾಲಕ್ಕೇ ಸೇರಿಸಬಹುದು. ಜೊತೆಗೆ ವರ್ಷಕ್ಕೆ ಶೇಕಡಾ 0.35ರ ಶುಲ್ಕವಿದೆ. 1,80,000 ಡಾಲರ್ ಸಾಲಕ್ಕೆ ಇದು ಮೊದಲಿಗೆ 1,800 ಡಾಲರ್, ನಂತರ ಆರಂಭದ ವರ್ಷದಲ್ಲಿ ತಿಂಗಳಿಗೆ ಸುಮಾರು 52 ಡಾಲರ್ ಆಗುತ್ತದೆ. ಮನೆಯಲ್ಲಿ ಸ್ವತಃ ವಾಸಿಸಬೇಕು; ಬಾಡಿಗೆಗೆ ಕೊಡಲೆಂದಾಗಲಿ, ದುಡಿಮೆಯ ಹೊಲಕ್ಕೆಂದಾಗಲಿ ಈ ಸಾಲವಿಲ್ಲ. ಅರ್ಜಿದಾರರು ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಹೊಂದಿದವರಂಥ ಅರ್ಹ ವಿದೇಶಿಯರಾಗಿರಬೇಕು. ಎಚ್-1ಬಿ ವೀಸಾವೊಂದೇ ಸಾಲದು. 1862ರ ಹೋಮ್‌ಸ್ಟೆಡ್ ಕಾಯ್ದೆ ಈ ವಿಷಯದಲ್ಲಿ ಇನ್ನಷ್ಟು ಉದಾರವಾಗಿತ್ತು: ಪ್ರಜೆಯಾಗುವ ಇರಾದೆಯನ್ನು ಘೋಷಿಸಿದ್ದರೂ 160 ಎಕರೆಗೆ ಅರ್ಜಿ ಹಾಕಬಹುದಿತ್ತು.

ಹಳೆಯ ತೋಟದ ಮನೆಯಾದರೆ ಬಾವಿಯ ನೀರಿನ ಪರೀಕ್ಷೆಯನ್ನೂ ಸೆಪ್ಟಿಕ್ ಟ್ಯಾಂಕಿನ ತಪಾಸಣೆಯನ್ನೂ ತಡಮಾಡದೆ ಮಾಡಿಸಬೇಕು. 1978ಕ್ಕಿಂತ ಮೊದಲು ಕಟ್ಟಿದ ಮನೆಗೆ ಸೀಸದ ಬಣ್ಣದ ಕುರಿತು ಮಾರಾಟಗಾರರು ತಮಗೆ ತಿಳಿದುದನ್ನು ಬರಹದಲ್ಲಿ ತಿಳಿಸಲೇಬೇಕು.

ಬ್ಯಾಂಕು ಹೇಗಿದ್ದರೂ ಹಕ್ಕಿನ ಶೋಧನೆ, ಅಂದರೆ ಹಿಂದಿನ ಮಾಲೀಕತ್ವದ ದಾಖಲೆಗಳ ಪರಿಶೀಲನೆ, ಮಾಡಿಸುತ್ತದೆ. ಅದರ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಬೇಕು. ಅದರಲ್ಲಿ ನೆಲವನ್ನು ಚೌಕಗಳಾಗಿ ವಿಂಗಡಿಸಿದ ಸರ್ಕಾರಿ ಸರ್ವೆಯ ಟೌನ್‌ಷಿಪ್ (ಉತ್ತರ-ದಕ್ಷಿಣ ಸ್ಥಾನ), ರೇಂಜ್ (ಪೂರ್ವ-ಪಶ್ಚಿಮ ಸ್ಥಾನ), ಸೆಕ್ಷನ್ ಸಂಖ್ಯೆಗಳಿರುತ್ತವೆ. ಊರೊಳಗಿನ ನಿವೇಶನಕ್ಕೆ ಲಾಟ್ ಮತ್ತು ಬ್ಲಾಕ್ ಮಾತ್ರ ಇದ್ದರೆ, ಆ ಬಡಾವಣೆ ಯಾವ ಸೆಕ್ಷನ್‌ನಲ್ಲಿದೆ ಎಂದು ಕ್ರಯಪತ್ರಗಳನ್ನು ನೋಂದಾಯಿಸುವ ರಿಜಿಸ್ಟರ್ ಆಫ್ ಡೀಡ್ಸ್ ಕಚೇರಿಯಲ್ಲಿ ಕೇಳಬೇಕು. ಒಂದು ಸೆಕ್ಷನ್ ಎಂದರೆ 640 ಎಕರೆ, 36 ಸೆಕ್ಷನ್‌ಗಳ ಚೌಕವನ್ನೂ ಟೌನ್‌ಷಿಪ್ ಎನ್ನುತ್ತಾರೆ. ಶೋಧನೆ ಸಾಮಾನ್ಯವಾಗಿ ಕೆಲವು ದಶಕಗಳಿಗೇ ನಿಲ್ಲುತ್ತದೆ. ಅದರ ಹಿಂದಿನದಕ್ಕೆ ಅದೇ ಕಚೇರಿಯ ಸೂಚಿ ಪುಸ್ತಕಗಳಲ್ಲಿ ಮಾಲೀಕರ ಸರಣಿಯನ್ನು ಒಂದೊಂದಾಗಿ ಹಿಂದಕ್ಕೆ ಓದುತ್ತ ಹೋಗಬೇಕು. ಸರ್ಕಾರ ಕೊಟ್ಟ ಮೊದಲ ಹಕ್ಕುಪತ್ರದ ಚಿತ್ರ ಸರ್ಕಾರಿ ನೆಲ ನೋಡಿಕೊಳ್ಳುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಆ ಹಕ್ಕುಪತ್ರ ಹೋಮ್‌ಸ್ಟೆಡ್‌ನದಾಗಿದ್ದರೆ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಅದರ ಪೂರ್ಣ ಕಡತವಿರುತ್ತದೆ, ನಿಜವಾದ ಸಿರಿ ಇರುವುದು ಅದರಲ್ಲಿ. ಡ್ಯಾನಿಯಲ್ ಫ್ರೀಮನ್ 1863ರ ಜನವರಿ 1ರಂದು ಬ್ರೌನ್‌ವಿಲ್ ಭೂ ಕಚೇರಿಯಲ್ಲಿ ಹಾಕಿದ ಒಂದನೇ ನಂಬರಿನ ಅರ್ಜಿ ಇದೇ ಕೌಂಟಿಯ 4ನೇ ಟೌನ್‌ಷಿಪ್, 5ನೇ ರೇಂಜ್, 26ನೇ ಸೆಕ್ಷನ್‌ನ ನೆಲಕ್ಕಾಗಿತ್ತು. ಐದು ವರ್ಷ ವಾಸಿಸಿದ ನಂತರ ಸಾಕ್ಷಿಗಳು ಕೊಟ್ಟ ಹೇಳಿಕೆಯಲ್ಲಿ ಮನೆಯ ಅಳತೆ 14 ಅಡಿಗೆ 20 ಅಡಿ. ಒಂದು ಭಾಗ ಮರದ ದಿಮ್ಮಿ, ಇನ್ನೊಂದು ಭಾಗ ಮರದ ಚೌಕಟ್ಟು. ಉಳುಮೆಯಾದದ್ದು ಸುಮಾರು 35 ಎಕರೆ. 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ. ಇಂದಿನ ಮೌಲ್ಯಮಾಪಕರ ವರದಿಯನ್ನು ಇದರ ಪಕ್ಕದಲ್ಲಿಟ್ಟರೆ ಪ್ರಶ್ನೆಗಳು ಹೆಚ್ಚು ಬದಲಾಗಿಲ್ಲವೆಂಬುದು ಕಾಣುತ್ತದೆ.

ಜಮೀನು ಕೌಂಟಿಯ ದಕ್ಷಿಣ ಭಾಗದಲ್ಲಿದ್ದು ಹೋಮ್‌ಸ್ಟೆಡ್ ಕಡತ ಸಿಗದಿದ್ದರೆ ಗಾಬರಿಯಾಗಬೇಕಿಲ್ಲ. ಬಾರ್ನೆಸ್ಟನ್ ಸುತ್ತಲಿನ ನೆಲ 1854ರ ಒಪ್ಪಂದದಂತೆ ಓಟೋ-ಮಿಸೌರಿಯಾ ಎಂಬ ಮೂಲನಿವಾಸಿ ಜನರಿಗೆ ಮೀಸಲಾಗಿತ್ತು. 1881ರಲ್ಲಿ ಅವರು ಈಗಿನ ಓಕ್ಲಹೋಮಾಕ್ಕೆ ತೆರಳಬೇಕಾಯಿತು, ಆ ನೆಲವನ್ನು ವಲಸಿಗರಿಗೆ ಹಣಕ್ಕೆ ಮಾರಲಾಯಿತು. ಅಂಥ ಜಮೀನಿನ ಚರಿತ್ರೆಯನ್ನು ಮೊದಲ ಹಕ್ಕುಪತ್ರದಿಂದ ಆರಂಭಿಸಿದರೆ ಅದು ಅರ್ಧ ಚರಿತ್ರೆ ಮಾತ್ರ. ಒಪ್ಪಂದದ ಪಠ್ಯವನ್ನೂ ಕಡತಕ್ಕೆ ಸೇರಿಸಿಕೊಳ್ಳುವುದು ಸರಿ.

ಹಳೆಯ ಫೋಟೊ ಮತ್ತು ಊರಿನ ದಾಖಲೆಗಳಿಗಾಗಿ ಬಿಯಾಟ್ರಿಸ್‌ನ ಹಳೆಯ ರೈಲು ನಿಲ್ದಾಣದಲ್ಲಿರುವ ಕೌಂಟಿ ವಸ್ತುಸಂಗ್ರಹಾಲಯಕ್ಕೆ ಹೋಗುವಾಗ ವಿಳಾಸದ ಬದಲು ಸೆಕ್ಷನ್ ಸಂಖ್ಯೆಯನ್ನು ಬರೆದುಕೊಂಡು ಹೋಗಬೇಕು, ಏಕೆಂದರೆ ಹಳ್ಳಿಗಾಡಿನ ಇಂದಿನ ರಸ್ತೆ ವಿಳಾಸಗಳು ಹಳೆಯ ದಾಖಲೆಗಳಲ್ಲಿ ಇರುವುದಿಲ್ಲ.