ನನ್ನ ಅನುಭವ: ಆಡಿ ಮುಗಿಸಿದ ಚೆಸ್ ಆಟವನ್ನು ಎಂಜಿನ್ ಮುಂದೆ ಬಿಚ್ಚುವುದು

ರ‍್ಯಾಪಿಡ್ ಎಂಬ ಕಡಿಮೆ ಸಮಯದ ಚೆಸ್ ಆಟದಲ್ಲಿ ನಡೆಗಳನ್ನು ಬರೆಯುವುದು ಕಡ್ಡಾಯವಲ್ಲ. ಹೀಗಾಗಿ ಹುಬ್ಬಳ್ಳಿಯಲ್ಲಿ ಆಡಿ ಧಾರವಾಡಕ್ಕೆ ಮರಳುವಾಗ ಚಿಗರಿ ಬಸ್ಸಿನಲ್ಲೇ ಎಲ್ಲ ನಡೆ ಬರೆದುಕೊಳ್ಳುತ್ತೇನೆ. ಒಂದು ರಾತ್ರಿ ಕಳೆದರೆ 20ನೇ ನಡೆಯ ಮುಂದಿನದೆಲ್ಲ ಕಲಸಿಹೋಗುತ್ತದೆ. ಎಲ್ಲಿ ಏನು ಲೆಕ್ಕ ಹಾಕಿದ್ದೆ, ಎದುರಾಳಿಯ ಯಾವ ನಡೆಗೆ ಅಂಜಿದ್ದೆ ಎಂಬುದೂ ಪಕ್ಕಕ್ಕೇ ಬರಬೇಕು. ಅಲ್ಲಿಯವರೆಗೆ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಚೆಸ್ ತಂತ್ರಾಂಶ) ಬಂದ್. ಉತ್ತರ ಒಮ್ಮೆ ಕಣ್ಣಿಗೆ ಬಿತ್ತೆಂದರೆ ‘ಇದು ನನಗೂ ಹೊಳೆದಿತ್ತು’ ಅನಿಸಿಬಿಡುತ್ತದೆ. ಎಡವಿದ್ದು ಎಲ್ಲಿ ಎಂಬುದು ಮುಚ್ಚಿಹೋಗುತ್ತದೆ.

ಸ್ಟಾಕ್‌ಫಿಶ್ ಎಂಬ ಎಂಜಿನ್ ಉಚಿತ, ಸಾಕು. ಆದರೆ ಅದರ ಹ್ಯಾಶ್ (ಹಾಕಿದ ಲೆಕ್ಕವನ್ನು ನೆನಪಿಡುವ ಜಾಗ) ಮೊದಲಿಗೆ ಬರೀ 16 ಎಂಬಿ ಇರುತ್ತದೆ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ 2048ಕ್ಕೆ ಏರಿಸಿದ್ದೇನೆ. ಪ್ರೊಸೆಸರಿನಲ್ಲಿ ನಾಲ್ಕು ಕೋರ್ ಇದ್ದರೆ ಥ್ರೆಡ್ (ಎಂಜಿನ್ ಏಕಕಾಲಕ್ಕೆ ನಡೆಸುವ ಲೆಕ್ಕದ ಎಳೆ) ಮೂರೇ ಇಡಿ. ಬೇಸಿಗೆಯ ಮಧ್ಯಾಹ್ನ ಯಂತ್ರ ಕಾದು ತಾನೇ ವೇಗ ಇಳಿಸುತ್ತದೆ, ಆದ್ದರಿಂದ ಈ ಕೆಲಸಕ್ಕೆ ಮುಂಜಾನೆ ವಾಸಿ.

ಮಲ್ಟಿಪಿವಿ (ಎಂಜಿನ್ ಎಷ್ಟು ಸಾಲು ತೋರಿಸಬೇಕೆಂಬ ಸೆಟ್ಟಿಂಗ್) 3 ಇಟ್ಟು ಮೂರು ಸಾಲು, ಅಂದರೆ ಮೂರು ಉತ್ತಮ ನಡೆಗಳ ಸರಣಿ, ತೆರೆಯುತ್ತೇನೆ. ಇಲ್ಲಿ ನೋಡಬೇಕಾದದ್ದು ಸಾಲುಗಳ ನಡುವಿನ ಅಂತರ. ಮೊದಲ ಸಾಲು 0.00, ಎರಡನೆಯದು -2.80 ಎಂದಿದ್ದರೆ (0 ಅಂದರೆ ಸಮ, ಮೈನಸ್ ಅಂದರೆ ಇಲ್ಲಿ ನಮಗೆ ಹಿನ್ನಡೆ) ಅದನ್ನು ‘ಸಮ’ ಎಂದು ಓದಬಾರದು. ಒಂದೇ ನಡೆಯ ಮೇಲೆ ಇಡೀ ಆಟ ನಿಂತಿದೆ. ಗಡಿಯಾರದಲ್ಲಿ ಎರಡು ನಿಮಿಷ ಉಳಿದವನ ಪಾಲಿಗೆ ಅದು ಅರ್ಧ ಸೋತ ಸ್ಥಿತಿ. ಮೂರೂ ಸಾಲು 0.3ರ ಆಸುಪಾಸಿನಲ್ಲಿದ್ದರೆ ಮಾತ್ರ ನಿಶ್ಚಿಂತೆಯಿಂದ ಮುಂದೆ ಹೋಗಬಹುದು. ಮೂರು ಸಾಲು ಹುಡುಕುವಾಗ ಆಳ ಕಡಿಮೆಯಾಗುತ್ತದೆ, ಹಾಗಾಗಿ ಕೊನೆಯ ಪರೀಕ್ಷೆಗೆ ಮತ್ತೆ ಒಂದೇ ಸಾಲು.

ಆಟವನ್ನು ಕೊನೆಯ ನಡೆಯಿಂದ ಹಿಂದಕ್ಕೆ ನೋಡುವುದು ನನ್ನ ಪದ್ಧತಿ. ಮುಂದಿನ ಸ್ಥಿತಿಗಳ ಲೆಕ್ಕ ಹ್ಯಾಶ್‌ನಲ್ಲಿ ಉಳಿದಿರುತ್ತದೆ, ಒಂದು ನಡೆ ಹಿಂದೆ ಸರಿದಾಗ ಎಂಜಿನ್ ಅದನ್ನು ಬಳಸಿಕೊಳ್ಳುತ್ತದೆ. ಕಾಯಿ ಬಲಿ ಕೊಟ್ಟ ಸ್ಥಿತಿಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ: ಮೊದಲು ‘ತಪ್ಪು’ ಎಂದ ನಡೆಯನ್ನೇ, ಆರು ನಡೆ ಮುಂದೆ ಹೋಗಿ ಮರಳಿದ ಮೇಲೆ ‘ಸರಿ’ ಎನ್ನುವುದುಂಟು.

ಸದ್ದಿಲ್ಲದ ನಡೆಯೊಂದನ್ನು ಎಂಜಿನ್ ಯಾಕೆ ಹೇಳುತ್ತಿದೆ ಎಂದು ತಿಳಿಯದಿದ್ದರೆ ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಎಕ್ಸ್ ಕೀ ಒತ್ತಿ. ನಾವು ಸುಮ್ಮನೆ ಬಿಟ್ಟರೆ ಎದುರಾಳಿ ಏನು ಮಾಡುತ್ತಾನೆಂದು ಬಾಣ ತೋರಿಸುತ್ತದೆ. ಬಿಳಿಯ ಎಚ್3 (ಕಾಲಾಳನ್ನು ಎಚ್3 ಮನೆಗೆ ಸರಿಸುವ ನಡೆ) ಅರ್ಥವಾಗದಿದ್ದಾಗ, ಕಪ್ಪು ಒಂಟೆ ಜಿ4ಕ್ಕೆ ಬಂದು ಎಫ್3ರ ಕುದುರೆಯನ್ನು ರಾಣಿಗೆ ಕಟ್ಟಿಹಾಕುವುದು ಆ ಬಾಣದಲ್ಲೇ ಕಂಡೀತು.

ಅಂತ್ಯದಾಟದಲ್ಲಿ ಅಂಕಿಯನ್ನು ನಂಬಬೇಡಿ. ಆನೆಯ ಜೊತೆ ಎಫ್ ಮತ್ತು ಎಚ್ ಕಾಲಾಳು, ಎದುರಿಗೆ ಬರೀ ಆನೆ: ಎರಡು ಕಾಲಾಳು ಹೆಚ್ಚಿದ್ದರೂ ಬಹಳಷ್ಟು ಸಲ ಡ್ರಾ. ಇದಕ್ಕೆ ಟೇಬಲ್‌ಬೇಸ್ (ಕೆಲವೇ ಕಾಯಿ ಉಳಿದ ಸ್ಥಿತಿಗಳ ಖಚಿತ ಫಲಿತಾಂಶದ ಸಂಗ್ರಹ) ಬೇಕು. ಐದು ಕಾಯಿವರೆಗಿನ ಸಿಜಿಗಿ ಎಂಬ ಟೇಬಲ್‌ಬೇಸಿನ ಫೈಲುಗಳು ಸುಮಾರು 1 ಜಿಬಿ, ಇಳಿಸಿಕೊಳ್ಳಿ. ಆರು ಕಾಯಿಯದು 150 ಜಿಬಿಯ ಹತ್ತಿರ, ಅದು ನಮ್ಮ ಡಿಸ್ಕಿಗೆ ಭಾರ. ರಾಜರೂ ಸೇರಿ ಏಳು ಕಾಯಿವರೆಗೆ ಲಿಚೆಸ್‌ನ ಅನಾಲಿಸಿಸ್ ಬೋರ್ಡಿನಲ್ಲಿ ಪುಸ್ತಕದ ಗುರುತು ಒತ್ತಿದರೆ ಗೆಲುವೋ ಡ್ರಾವೋ ಖಚಿತವಾಗಿ ಬರುತ್ತದೆ.

ಕೊನೆಗೆ ಪಿಜಿಎನ್ ಫೈಲಿನಲ್ಲಿ (ಆಟದ ನಡೆಗಳನ್ನು ಬರೆದಿಡುವ ಫೈಲು) ಎಂಜಿನ್ ಸಾಲುಗಳನ್ನು ಅಳಿಸಿ, ತಪ್ಪಿದ ನಡೆಯ ಪಕ್ಕ ನನ್ನ ಮಾತಿನಲ್ಲಿ ಒಂದೇ ವಾಕ್ಯ ಬರೆದಿಡುತ್ತೇನೆ: ‘ಆನೆ ಬದಲಾಯಿಸುವ ಮೊದಲು ರಾಜನನ್ನು ಮುಂದೆ ತರಲಿಲ್ಲ.’